24 ಗೇಜ್ ತಗಡು: ಅಂಗಡಿಯವರ 0.5 ಸರಿಯೋ, ಭಾವ ಹೇಳಿದ 0.7 ಸರಿಯೋ?

ನಿಮ್ಮ ಪ್ರಶ್ನೆ ಇಷ್ಟು: ತಾರಸಿಯ ಮೇಲೆ ಶೀಟಿನ ಮಾಡು ಹಾಕಿಸಬೇಕು. 24 ಗೇಜ್ ಎಂದರೆ 0.5 ಮಿ.ಮೀ. ಎಂದು ಕುಂಬಳೆಯ ಅಂಗಡಿಯವರು ಹೇಳಿದರು, ದುಬೈಯಲ್ಲಿ ಎ.ಸಿ.ಯ ಗಾಳಿ ಕೊಳವೆ (ಡಕ್ಟ್) ಕೆಲಸದಲ್ಲಿರುವ ಭಾವ 0.7 ಅನ್ನುತ್ತಾರೆ. ಇಬ್ಬರೂ ಪೂರ್ತಿ ಸುಳ್ಳು ಹೇಳಿಲ್ಲ, ಗೇಜ್ ಎಂಬ ದಪ್ಪದ ಸಂಖ್ಯೆಗೆ ಅವರವರು ನೋಡುವ ಪಟ್ಟಿ ಬೇರೆ ಬೇರೆ.

ನಮ್ಮ ಪೇಟೆಯಲ್ಲಿ ಹೆಚ್ಚಾಗಿ ನಡೆಯುವುದು 1884ರಲ್ಲಿ ಬ್ರಿಟನ್ನಿನಲ್ಲಿ ಕಾನೂನಾದ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್‌ಡಬ್ಲ್ಯೂಜಿ ಪಟ್ಟಿ. ಅದರಲ್ಲಿ 24 ಗೇಜ್ ಎಂದರೆ 0.56. ಅಮೆರಿಕದವರ ಲೆಕ್ಕದಲ್ಲಿ ಲೋಹ ಬದಲಾದರೆ ದಪ್ಪವೂ ಬದಲು: ಅದೇ 24 ಗೇಜ್ ಲೇಪನವಿಲ್ಲದ ಉಕ್ಕಿಗೆ 0.61, ಜಿಐಗೆ (ಸತು ಲೇಪಿಸಿದ ಉಕ್ಕು) 0.70, ಸ್ಟೇನ್‌ಲೆಸ್‌ಗೆ 0.635, ಅಲ್ಯೂಮಿನಿಯಮ್ಮಿಗೆ 0.51. ಡಕ್ಟಿಗೆ ಹಾಕುವುದು ಜಿಐ ತಗಡು, ಹಾಗಾಗಿ ಭಾವನ ಬಾಯಲ್ಲಿ 0.7. ಅಂಗಡಿಯವರು 0.56ರ ಬಾಲ ಕತ್ತರಿಸಿ 0.5 ಮಾಡಿದ್ದಾರೆ. ಲಾಭ ಯಾರಿಗೆಂದು ಹೇಳಬೇಕಾಗಿಲ್ಲ.

ಎಸ್‌ಡಬ್ಲ್ಯೂಜಿಯ ಉಳಿದ ಅಳತೆ: 14 ಗೇಜ್ 2.03, 16 ಗೇಜ್ 1.63, 18 ಗೇಜ್ 1.22, 20 ಗೇಜ್ 0.91, 22 ಗೇಜ್ 0.71, 26 ಗೇಜ್ 0.46, 28 ಗೇಜ್ 0.38. ಸಂಖ್ಯೆ ಏರಿದ ಹಾಗೆ ತಗಡು ತೆಳು. ಆದರೆ ಇಳಿಯುವುದು ಒಂದೇ ಸಮನಾಗಿ ಅಲ್ಲ. 16ರಿಂದ 18ಕ್ಕೆ ಹೋದರೆ 0.4 ಮಿ.ಮೀ. ಕಳೆದುಕೊಳ್ಳುತ್ತೀರಿ, 26ರಿಂದ 28ಕ್ಕೆ 0.08 ಮಾತ್ರ. "ಎರಡು ಗೇಜ್ ತಾನೇ" ಎಂಬ ಮಾತಿಗೆ ತಲೆಯಾಡಿಸುವ ಮೊದಲು ಇದು ನೆನಪಿರಲಿ.

ಮಾಡಿನ ಬಣ್ಣದ ಶೀಟಿಗೆ ನನ್ನ ಪ್ರಕಾರ ಗೇಜ್ ಮಾತೇ ಬೇಡ. ಮಿ.ಮೀ.ನಲ್ಲಿ ಕೇಳಿ, ಅದರಲ್ಲೂ ಎರಡು ಅಳತೆ ಕೇಳಿ: ಬಣ್ಣ, ಲೇಪ ಎಲ್ಲ ಸೇರಿದ ದಪ್ಪ ಎಷ್ಟು, ಒಳಗಿನ ಉಕ್ಕು ಎಷ್ಟು. ಮೊದಲನೆಯದಕ್ಕೆ ಟಿಸಿಟಿ, ಎರಡನೆಯದಕ್ಕೆ ಬಿಎಂಟಿ ಎಂದು ಕಂಪನಿಯ ಕಾಗದದಲ್ಲಿ ಇರುತ್ತದೆ. ಚದರ ಮೀಟರಿಗೆ 150 ಗ್ರಾಂ ಅಲ್ಯೂಮಿನಿಯಂ–ಸತು ಲೇಪವೇ ಎರಡೂ ಬದಿ ಸೇರಿ ಸುಮಾರು 0.04 ಆಗುತ್ತದೆ, ಬಣ್ಣ ಇನ್ನೊಂದು 0.03ರಷ್ಟು. ಅಂದರೆ 0.50ರ ಶೀಟಿನಲ್ಲಿ ಉಕ್ಕು 0.42–0.43 ಮಾತ್ರ. ಇದು ಮೋಸವಲ್ಲ. ಒಟ್ಟು ದಪ್ಪವೇ 0.45 ಇರುವುದನ್ನು ಕೊಟ್ಟು 0.50 ಎಂದರೆ ಮೋಸ. ಬಣ್ಣದ ಶೀಟು ಅಡಿ ಲೆಕ್ಕದಲ್ಲಿ ಮಾರಾಟವಾಗುವುದರಿಂದ ತೆಳುವಾದಷ್ಟೂ ನಷ್ಟ ನಿಮಗೆ. ಚಪ್ಪಟೆ ತಗಡು ಕೆಜಿ ಲೆಕ್ಕದಲ್ಲಿ ಬರುವಲ್ಲಿ ಈ ಆಟ ಅಷ್ಟು ನಡೆಯುವುದಿಲ್ಲ.

ಅಳೆಯಲು 0.01 ತೋರಿಸುವ ಮೈಕ್ರೋಮೀಟರೇ ಬೇಕು. ಟೇಪು ಪ್ರಯೋಜನಕ್ಕಿಲ್ಲ, ಈ ದಪ್ಪಕ್ಕೆ ವರ್ನಿಯರನ್ನೂ ನಾನು ನಂಬುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಬರ್ (ಲೋಹದ ಚೂಪು ಚಕ್ಕೆ) ಎದ್ದಿರುತ್ತದೆ, ಅಲ್ಲಿ ಹಿಡಿದರೆ ದಪ್ಪ ಹೆಚ್ಚು ಕಾಣುತ್ತದೆ. ಅಂಚಿನಿಂದ ಒಂದು ಸೆಂ.ಮೀ.ಗಿಂತ ಒಳಗೆ, ಉದ್ದಕ್ಕೂ ಉಬ್ಬಿಸಿದ ಏಣು ಬಿಟ್ಟು ಚಪ್ಪಟೆ ಭಾಗದಲ್ಲಿ, ಮೂರು ನಾಲ್ಕು ಕಡೆ ನೋಡಿ.

ಅದಕ್ಕಿಂತ ಸುಲಭ ತಕ್ಕಡಿ. ಉಕ್ಕು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆಜಿ. ಆದ್ದರಿಂದ 8×4 ಅಡಿಯ 1 ಮಿ.ಮೀ. ತಗಡು 23.3 ಕೆಜಿ ತೂಗಬೇಕು, 0.5 ಆದರೆ ಅದರ ಅರ್ಧ. ಏಣು ಮಾಡಿದ ಬಣ್ಣದ ಶೀಟಿಗೆ ಮಡಚುವ ಮೊದಲಿನ ಅಗಲ ಹಿಡಿಯಬೇಕು. ಅದು ನಾಲ್ಕು ಅಡಿ ಇದ್ದರೆ, ಹತ್ತಡಿ ಉದ್ದದ ಶೀಟು (ಬಣ್ಣ, ಲೇಪ ಸೇರಿದ ದಪ್ಪದ ಲೆಕ್ಕದಲ್ಲಿ) 0.50ಕ್ಕೆ ಸುಮಾರು 13 ಕೆಜಿ, 0.45ಕ್ಕೆ ಹನ್ನೊಂದೂವರೆಯಿಂದ ಹನ್ನೆರಡು, 0.40ಕ್ಕೆ ಹತ್ತರ ಆಸುಪಾಸು. ಒಂದೇ ಶೀಟು ತೂಗಬೇಡಿ, ಹತ್ತು ಒಟ್ಟಿಗೆ ತೂಗಿ ಭಾಗಿಸಿ. ತಯಾರಿಕೆಯಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ.

ಅಷ್ಟು ತಲೆ ಕೆಡಿಸಿಕೊಳ್ಳುವುದು ಏಕೆ? ಚಪ್ಪಟೆ ತಗಡಿನ ಬಿಗಿ (ಬಾಗದೆ ನಿಲ್ಲುವ ಗುಣ) ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ, 0.50 ಇದ್ದದ್ದು 0.40 ಆದರೆ ಬಿಗಿ ಅರ್ಧಕ್ಕೆ ಇಳಿಯುತ್ತದೆ. ಮಾಡಿನ ಶೀಟನ್ನು ಏಣು ಕಾಪಾಡುತ್ತದೆ, ಅಷ್ಟು ಕೆಡುವುದಿಲ್ಲ. ಆದರೆ ಏಣುಗಳ ನಡುವೆ ಕಾಲಿಟ್ಟರೆ ತಗ್ಗು ಬೀಳುತ್ತದೆ, ಆಟಿ ತಿಂಗಳ ಮಳೆಗಾಳಿಗೆ ಸ್ಕ್ರೂ ತಲೆಯ ಸುತ್ತ ತೂತು ಹಿಗ್ಗಿ ಶೀಟು ಕಿತ್ತು ಬರುತ್ತದೆ. ಕಡಲ ಬದಿಗೆ ದಪ್ಪದಷ್ಟೇ ಲೇಪವೂ ಮುಖ್ಯ. ಜಿಐ ಆದರೆ ಚದರ ಮೀಟರಿಗೆ 120 ಗ್ರಾಂ ಸತುವಿನದು ಬೇಡ, 275ರದು ಕೇಳಿ.

ಶೀಟಿನ ಕೆಳಗೆ ಆಧಾರಕ್ಕೆ ಹಾಕುವ ಚೌಕ ಪೈಪನ್ನೂ ತೂಗಿಸಿ, ಜನ ಮರೆಯುವುದು ಅಲ್ಲಿ. 50×25 ಮಿ.ಮೀ.ನ 16 ಗೇಜ್ ಪೈಪು 20 ಅಡಿಗೆ ಹತ್ತೂವರೆ ಕೆಜಿ ಬರಬೇಕು. ಎಂಟರ ಹತ್ತಿರ ಬಂದರೆ ಅದು 18 ಗೇಜ್. ಮಾಡಿನ ನೀರು ಹಿಡಿಯುವ ದಂಬೆಗೆ 24 ಗೇಜ್ ಜಿಐ ಸಾಕು, ಕೈಯಲ್ಲಿ ಮಡಚಲು ಬರುತ್ತದೆ. ಅದನ್ನು ಆರ್ಕ್ ವೆಲ್ಡಿಂಗ್ ಮಾಡಿಸಬೇಡಿ, ತೂತಾಗುತ್ತದೆ, ಸತುವಿನ ಹೊಗೆಯೂ ಕೆಟ್ಟದ್ದು. ಮಡಚಿ ರಿವೆಟ್ ಹೊಡೆದು ಸೀಲೆಂಟ್ ಹಾಕಿಸಿ. ಮಾಡಿಗೆ ತಾಗಿ ಅಡಿಕೆ ತೋಟವಿದ್ದರೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ದಿನ ಶೀಟಿಗೆ ಪ್ಲಾಸ್ಟಿಕ್ ಹೊದೆಸಿ, ಬಿದ್ದದ್ದನ್ನು ಆಗಲೇ ತೊಳೆಯಿರಿ: ಮೈಲುತುತ್ತಿನ ತಾಮ್ರ ಸತುವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ಮೊದಲು ಸ್ಕ್ರೂ ತೂತು ಮತ್ತು ಕತ್ತರಿಸಿದ ಅಂಚುಗಳಲ್ಲಿ.