ಓದುಗರ ಪ್ರಶ್ನೆ: ನೀಲಿಯಂಗಿಯ ರಾಜಾಶ್ವದಳ

ಪ್ರಶ್ನೆ: 2023ರ ಮೇ 6ರಂದು ಲಂಡನ್ನಿನಲ್ಲಿ ನಡೆದ ಮೂರನೆಯ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆಯಲ್ಲಿ, ಎದೆಗವಚ ತೊಟ್ಟ ಸವಾರರ ಪೈಕಿ ಕೆಲವರು ಕೆಂಪಂಗಿ, ಬಿಳಿ ತುರಾಯಿ ಧರಿಸಿದ್ದರೆ ಉಳಿದವರು ನೀಲಿಯಂಗಿ, ಕೆಂಪು ತುರಾಯಿ ಧರಿಸಿದ್ದರು. ಈ ನೀಲಿಯಂಗಿಯವರು ಯಾರು? ಇವರ ಕೆಲಸ ಮೆರವಣಿಗೆಗಷ್ಟೇ ಸೀಮಿತವೇ?

ಉತ್ತರ: ಬ್ರಿಟನ್ನಿನ ರಾಜಾಶ್ವದಳದಲ್ಲಿ ಎರಡು ರೆಜಿಮೆಂಟ್‌ಗಳಿವೆ. ಕೆಂಪಂಗಿಯವರು ಲೈಫ್ ಗಾರ್ಡ್ಸ್. ಎರಡನೆಯ ಚಾರ್ಲ್ಸ್ ದೇಶಭ್ರಷ್ಟನಾಗಿದ್ದಾಗ ಅವನ ಬೆನ್ನಿಗೆ ನಿಂತ ನಿಷ್ಠಾವಂತರಿಂದ ಆ ದಳ ಬೆಳೆಯಿತು. ನೀವು ಕೇಳಿರುವ ನೀಲಿಯಂಗಿಯವರು ಬ್ಲೂಸ್ ಅಂಡ್ ರಾಯಲ್ಸ್. ಇವರ ವಂಶಾವಳಿ ಇನ್ನೂ ಸ್ವಾರಸ್ಯಕರವಾದುದು, ಏಕೆಂದರೆ ಇವರ ಮೂಲವಿರುವುದು ಅರಸೊತ್ತಿಗೆಯ ಶತ್ರುಪಾಳಯದಲ್ಲಿ. ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾದ ಮರುವರ್ಷ, ಅಂದರೆ 1650ರಲ್ಲಿ, ಅರಸನ ವಿರುದ್ಧ ಹೋರಾಡಿದ ಸೇನಾನಿ ಕ್ರಾಮ್‌ವೆಲ್‌ನ ಅಪ್ಪಣೆಯಂತೆ ಸರ್ ಆರ್ಥರ್ ಹ್ಯಾಸಲ್‌ರಿಗ್ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕಟ್ಟಿದ ಕುದುರೆ ಪಡೆಯೇ ಅದು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಆ ಪಡೆಯನ್ನು ವಿಸರ್ಜಿಸಲಾಯಿತು. ಆದರೆ 1661ರ ಜನವರಿಯಲ್ಲಿ ಲಂಡನ್ನಿನಲ್ಲಿ ವೆನ್ನರ್ ಎಂಬಾತನ ದಂಗೆ ಎದ್ದಾಗ, ತನ್ನ ರಕ್ಷಣೆಗೆ ಪಳಗಿದ ಸವಾರರು ಬೇಕೆಂಬುದು ಹೊಸ ದೊರೆಗೆ ಮನವರಿಕೆಯಾಗಿ, ವಿಸರ್ಜಿತ ಪಡೆಯ ಅನೇಕರು ಆಕ್ಸ್‌ಫರ್ಡ್‌ನ ಅರ್ಲ್ ಆಬ್ರಿ ಡಿ ವೇರ್‌ನ ನಾಯಕತ್ವದಲ್ಲಿ ಅರಸನ ಸೇವೆಗೇ ಸೇರಿಕೊಂಡರು. ತತ್ತ್ವನಿಷ್ಠೆಗಿಂತ ಅನುಭವಕ್ಕೆ ಬೆಲೆ ಕೊಟ್ಟ ಆ ನಿರ್ಧಾರದಲ್ಲಿ ಎರಡನೆಯ ಚಾರ್ಲ್ಸ್‌ನ ವ್ಯವಹಾರ ಚತುರತೆ ಕಾಣುತ್ತದೆ. ನೀಲಿ ಸಮವಸ್ತ್ರದ ಈ ದಳಕ್ಕೆ ಮುಂದೆ ರಾಯಲ್ ಹಾರ್ಸ್ ಗಾರ್ಡ್ಸ್ ಎಂಬ ಹೆಸರು ಬಂದಿತಾದರೂ ಜನರ ಬಾಯಲ್ಲಿ ಅದು ಬ್ಲೂಸ್ ಆಗಿಯೇ ಉಳಿಯಿತು. ರಾಜಾಶ್ವದಳದ ಪೂರ್ಣ ಸ್ಥಾನಮಾನ ದೊರೆಯಲು ಮಾತ್ರ ಅದು 1820ರವರೆಗೆ ಕಾಯಬೇಕಾಯಿತು.

ಇನ್ನು ಹೆಸರಿನ ಉತ್ತರಾರ್ಧವಾದ ರಾಯಲ್ಸ್‌ನ ಹುಟ್ಟಿಗೆ ಒಂದು ಮದುವೆ ಕಾರಣ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಳನ್ನು ವರಿಸಿದ ಎರಡನೆಯ ಚಾರ್ಲ್ಸ್‌ಗೆ ಬಳುವಳಿಯಾಗಿ ಉತ್ತರ ಆಫ್ರಿಕದ ಟ್ಯಾಂಜಿಯರ್ ಬಂದರು ಸಿಕ್ಕಿತು (ನಮ್ಮ ಮುಂಬಯಿ ಆಂಗ್ಲರ ಕೈಸೇರಿದ್ದೂ ಅದೇ ಬಳುವಳಿಯಲ್ಲಿ). ಟ್ಯಾಂಜಿಯರ್ ಕಾವಲಿಗೆಂದು 1661ರಲ್ಲಿ ಸೇರಿಸಿದ ಕುದುರೆ ಪಡೆ, 1684ರಲ್ಲಿ ಆ ಬಂದರನ್ನು ಕೈಬಿಡುವ ವೇಳೆಗೆ ತಾಯ್ನಾಡಿಗೆ ಮರಳಿ, ರಾಯಲ್ ಡ್ರಗೂನ್ಸ್ ಆಯಿತು. 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ಈ ದಳದ ಕ್ಯಾಪ್ಟನ್ ಕೆನಡಿ ಕ್ಲಾರ್ಕ್ ಮತ್ತು ಕಾರ್ಪೊರಲ್ ಸ್ಟೈಲ್ಸ್ ಸೇರಿ ಫ್ರೆಂಚರ 105ನೇ ರೆಜಿಮೆಂಟಿನ ಹದ್ದಿನ ಲಾಂಛನವನ್ನು ಕಿತ್ತುಕೊಂಡರು. ಅದರಲ್ಲಿ ಯಾರ ಪಾಲೆಷ್ಟು ಎಂಬ ವಾದ ಮುಂದೆಯೂ ನಡೆಯಿತು. ಬ್ಲೂಸ್ ಮತ್ತು ರಾಯಲ್ಸ್ 1969ರಲ್ಲಿ ಒಂದಾದ ಮೇಲೂ ಇವರ ಎಡತೋಳಿನ ಮೇಲೆ ಆ ಹದ್ದಿನ ಗುರುತು ಇದೆ.

ಇವರನ್ನು ಬರಿಯ ಮೆರವಣಿಗೆಯ ಸಿಪಾಯಿಗಳೆನ್ನುವುದು ತಪ್ಪಾಗುತ್ತದೆ. ಲಂಡನ್ನಿನ ಹೈಡ್ ಪಾರ್ಕ್ ಬ್ಯಾರಕ್‌ನಲ್ಲಿರುವ ಕುದುರೆ ತುಕಡಿಗಳು ರಾಜಕಾರ್ಯ ನೋಡಿಕೊಂಡರೆ, ಉಳಿದವು ಕವಚ ವಾಹನಗಳಲ್ಲಿ ಶತ್ರುವಿನ ನೆಲೆ ಪತ್ತೆಹಚ್ಚುವ ಯುದ್ಧಪಡೆಗಳು. ಸೈನಿಕರು ಎರಡೂ ಕಡೆ ಸರದಿಯಂತೆ ದುಡಿಯುತ್ತಾರೆ. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಇವರ ಹಗುರ ಟ್ಯಾಂಕುಗಳು ವೈರ್‌ಲೆಸ್ ರಿಡ್ಜ್ ಕಾಳಗದಲ್ಲಿ ಪ್ಯಾರಾಚೂಟ್ ಪಡೆಗೆ ಆಸರೆಯಾದವು. ಆ ಯುದ್ಧ ಮುಗಿದು ಒಂದು ತಿಂಗಳು ಕಳೆದಿತ್ತಷ್ಟೇ. ಜುಲೈ 20ರಂದು ಹೈಡ್ ಪಾರ್ಕ್‌ನಲ್ಲಿ ಕಾವಲು ಬದಲಾವಣೆಗೆ ಹೊರಟಿದ್ದ ಸವಾರರ ಮೇಲೆ ಐರಿಶ್ ಸಶಸ್ತ್ರ ಸಂಘಟನೆ ಐಆರ್‌ಎಯ ಬಾಂಬು ಸಿಡಿದು, ಇದೇ ದಳದ ನಾಲ್ವರು ಸೈನಿಕರೂ 7 ಕುದುರೆಗಳೂ ಸತ್ತವು. 34 ಗಾಯಗಳಾಗಿಯೂ ಬದುಕುಳಿದ ಸೆಫ್ಟನ್ ಎಂಬ ಕುದುರೆ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹಾಜರಾಯಿತು; ಅದು ತೀರಿಕೊಂಡದ್ದು 1993ರಲ್ಲಿ.

ಪ್ರಶ್ನೆ: ತಲೆಯ ಮೇಲೆ ಟೋಪಿಯಿಲ್ಲದಾಗ ಬ್ರಿಟಿಷ್ ಸೈನಿಕರು ಸೆಲ್ಯೂಟ್ ಮಾಡುವುದಿಲ್ಲ, ಬ್ಲೂಸ್ ಅಂಡ್ ರಾಯಲ್ಸ್ ಮಾತ್ರ ಮಾಡುತ್ತಾರೆ ಎಂದು ಕೇಳಿದ್ದೇನೆ. ಕಾರಣವೇನು?

ಉತ್ತರ: ದಳದವರು ಹೇಳಿಕೊಂಡು ಬಂದಿರುವ ಕಾರಣ 1760ರ ಜುಲೈ 31ರದು. ಜರ್ಮನಿಯ ವಾರ್‌ಬರ್ಗ್‌ನಲ್ಲಿ ಫ್ರೆಂಚರ ಮೇಲೆ ಕುದುರೆ ನುಗ್ಗಿಸುವಾಗ ಬ್ಲೂಸ್‌ನ ಕರ್ನಲ್ ಮಾರ್ಕ್ವಿಸ್ ಆಫ್ ಗ್ರ್ಯಾನ್‌ಬಿಯ ಟೋಪಿಯೂ ಕೃತಕ ಕೂದಲೂ ಗಾಳಿಗೆ ಹಾರಿಹೋದವು. ಬೋಳುತಲೆಯಲ್ಲೇ ದಾಳಿ ಮುಗಿಸಿದ ಅವನು, ಹಾಗೆಯೇ ಬಂದು ತನ್ನ ಸೇನಾಪತಿಗೆ ವಂದಿಸಿದನಂತೆ. ವಂದನೆಯ ಭಾಗವನ್ನು ದಳದ ಐತಿಹ್ಯವೆಂದು ತಿಳಿಯುವುದು ಲೇಸು. ಅವನ ಬೋಳುತಲೆಗಾದರೋ ಚಿತ್ರಕಾರ ಜೋಶುವಾ ರೆನಾಲ್ಡ್ಸ್ ಬರೆದ ಭಾವಚಿತ್ರದ ಸಾಕ್ಷಿಯಿದೆ. ಯುದ್ಧದಲ್ಲಿ ಅಂಗವಿಕಲರಾದ ತನ್ನ ಸೈನಿಕರಿಗೆ ಪಾನಗೃಹ ತೆರೆಯಲು ಗ್ರ್ಯಾನ್‌ಬಿ ಹಣಕೊಟ್ಟನೆಂಬ ಪ್ರತೀತಿಯಿದ್ದು, ಇಂಗ್ಲೆಂಡಿನ ಹಲವು ಪಾನಗೃಹಗಳು ಇಂದಿಗೂ ಅವನ ಹೆಸರನ್ನು ಹೊತ್ತಿವೆ. ಸ್ವತಃ ಅವನು 1770ರಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ಭಾರೀ ಸಾಲವನ್ನು.