ಮೇವಿನ ಬೀಜ: ಬಿತ್ತುವ ಮೊದಲೇ ಮಾರಿರಬೇಕು

ಪ್ರಶ್ನೆ: ನನಗೆ ಆರು ಎಕರೆ ಎರೆ ಭೂಮಿ, ಒಂದು ಕೊಳವೆಬಾವಿ ಇದೆ. ತೊಗರಿಯ ನೆಟೆ ರೋಗದಿಂದ ಬೇಸತ್ತಿದ್ದೇನೆ. ಮೇವಿನ ಅಲಸಂದೆ ಅಥವಾ ಬಹುಕಟಾವು ಜೋಳದ ಬೀಜ ಬೆಳೆದುಕೊಟ್ಟರೆ ಅಷ್ಟನ್ನೂ ಒಳ್ಳೆಯ ದರಕ್ಕೆ ಕೊಳ್ಳುವುದಾಗಿ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಎಷ್ಟು ಬೆಲೆ ಸಿಗಬಹುದು? – ಆಳಂದ ತಾಲ್ಲೂಕಿನ ಓದುಗ

ಉತ್ತರ: ತೊಗರಿ ದರ ಬೇಕೆಂದರೆ ಕಲಬುರಗಿ ಎಪಿಎಂಸಿಯ ಯಾವ ಅಡತಿಗೆ ಫೋನ್ ಮಾಡಿದರೂ ಸಿಗುತ್ತದೆ. ಮೇವಿನ ಬೀಜಕ್ಕೆ ಅಂಥ ಹರಾಜೂ ಇಲ್ಲ, ಬೆಂಬಲ ಬೆಲೆಯೂ ಇಲ್ಲ. ಇಲ್ಲಿ ಕೊಳ್ಳುವವರು ಬೆರಳೆಣಿಕೆಯಷ್ಟು: ಪಶುಸಂಗೋಪನಾ ಇಲಾಖೆಗೆ ಟೆಂಡರ್ ಮೂಲಕ ಬೀಜ ಪೂರೈಸುವವರು, ಬೀಜ ನಿಗಮಗಳು, ಹಾಲು ಒಕ್ಕೂಟಗಳು, ಕೆಲವು ಖಾಸಗಿ ಕಂಪನಿಗಳು. ಅವರಿಗೆ ಈ ವರ್ಷ ಎಷ್ಟು ಬೇಕೋ ಅಷ್ಟೇ ಮಾರುಕಟ್ಟೆ. ಅದಕ್ಕಿಂತ ಒಂದು ಚೀಲ ಹೆಚ್ಚಾದರೂ ಆ ಚೀಲಕ್ಕೆ ಗಿರಾಕಿ ಇರುವುದಿಲ್ಲ.

‘ದೇಶದಲ್ಲಿ ಮೇವಿನ ಕೊರತೆ ಇದೆ, ಹಾಗಾಗಿ ಬೀಜಕ್ಕೆ ಬೇಡಿಕೆ ಇದ್ದೇ ಇರುತ್ತದೆ’ ಎಂಬ ಮಾತನ್ನು ಏಜೆಂಟರು ಹೇಳಿಯೇ ಇರುತ್ತಾರೆ. ಕೊರತೆ ನಿಜ. ಆದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ದನಗಳು ಹೆಚ್ಚಾಗಿ ಬದುಕುವುದು ಜೋಳದ ಕಣಿಕೆ, ತೊಗರಿ ಹೊಟ್ಟು, ಕಡಲೆ ಹೊಟ್ಟಿನ ಮೇಲೆ. ಇವಕ್ಕೆ ಯಾರೂ ಪ್ರತ್ಯೇಕವಾಗಿ ಬೀಜ ಕೊಳ್ಳುವುದಿಲ್ಲ. ಹಸಿರು ಮೇವು ಬೆಳೆಯುವವರೂ ನೇಪಿಯರ್ ಹುಲ್ಲಿನ ಕಡ್ಡಿಯನ್ನು ನೆರೆಯವರಿಂದ ತಂದು ನೆಟ್ಟುಬಿಡುತ್ತಾರೆ. ದನದ ಹಸಿವು ತಾನಾಗಿ ಬೀಜದ ಗಿರಾಕಿಯಾಗುವುದಿಲ್ಲ.

ದರ ಏರುವುದು ಹೆಚ್ಚಾಗಿ ಬರ ಬಿದ್ದಾಗ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ, ನೀರಾವರಿ ಇರುವ ರೈತರಿಗೆ ಮೇವಿನ ಬೀಜದ ಕಿರುಪೊಟ್ಟಣಗಳನ್ನು ಉಚಿತವಾಗಿ ಹಂಚಲಾಯಿತು. ಅಂಥ ವರ್ಷ ಬೀಜ ಕೈಯಲ್ಲಿದ್ದವರು ಗೆಲ್ಲುತ್ತಾರೆ. ಆ ದರದ ಸುದ್ದಿ ಕೇಳಿ ಬಿತ್ತಿದವರ ರಾಶಿ ಆಗುವ ಹೊತ್ತಿಗೆ ಮಳೆ ಚೆನ್ನಾಗಿ ಆಗಿರುತ್ತದೆ, ಸರ್ಕಾರದ ಖರೀದಿ ನಿಂತಿರುತ್ತದೆ. ಆದ್ದರಿಂದ ಹೋದ ವರ್ಷದ ದರವನ್ನು ನೋಡಿ ಬಿತ್ತಬೇಡಿ.

ನಿಮಗೆ ಎಷ್ಟು ದರ ಬಂದರೆ ಗಿಟ್ಟುತ್ತದೆ ಎಂಬುದನ್ನು ತೊಗರಿಯ ಲೆಕ್ಕದಲ್ಲೇ ನೋಡೋಣ. 2025–26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಎಕರೆಗೆ 4 ಕ್ವಿಂಟಲ್ ಹಿಡಿದರೆ 32,000. ಅಲಸಂದೆಯಲ್ಲಿ ಗ್ರೇಡಿಂಗ್ (ಜರಡಿ ಹಿಡಿದು ವಿಂಗಡಿಸುವುದು) ಮುಗಿದ ಮೇಲೆ ಎಕರೆಗೆ ಎರಡೂವರೆ ಕ್ವಿಂಟಲ್ ಉಳಿಯಿತು ಎನ್ನಿ. ಅಷ್ಟೇ ಹಣ ಬರಬೇಕಾದರೆ ಕೆಜಿಗೆ 128 ರೂಪಾಯಿ ಬೇಕು. ಮೇವಿನ ಅಲಸಂದೆ ಒಮ್ಮೆಗೇ ಮಾಗುವುದಿಲ್ಲ, ಕಾಯಿಯನ್ನು ಹಲವು ಸಲ ಬಿಡಿಸಬೇಕು. ಆ ಕೂಲಿ ಎಕರೆಗೆ 4,000 ಹೆಚ್ಚು ಬಿದ್ದರೆ ಬೇಕಾಗುವ ದರ 144 ಆಗುತ್ತದೆ. ಇಳುವರಿ ಮತ್ತು ಕೂಲಿಯ ಜಾಗದಲ್ಲಿ ನಿಮ್ಮ ಹೊಲದ ಅಂಕಿಗಳನ್ನು ಹಾಕಿಕೊಳ್ಳಿ. ಬಂದ ಉತ್ತರಕ್ಕಿಂತ ಕಡಿಮೆ ದರ ಹೇಳುವವರಿಗೆ ನಮಸ್ಕಾರ ಹೇಳಿ ಕಳುಹಿಸಿ.

ಅಲಸಂದೆಯ ಪರವಾಗಿ ಒಂದು ಮಾತಿದೆ. ತೊಗರಿ ಐದಾರು ತಿಂಗಳು ಹೊಲ ಹಿಡಿಯುತ್ತದೆ. ಅಲಸಂದೆ ಮೂರು ತಿಂಗಳ ಆಚೀಚೆ ಮುಗಿಯುವುದರಿಂದ ಹಿಂಗಾರಿಗೆ ಜೋಳ ಅಥವಾ ಕಡಲೆ ಹಾಕಬಹುದು. ಆದರೆ ಜೂನ್‌ನಲ್ಲಿ ಬಿತ್ತಿದರೆ ಕಾಯಿ ಒಣಗುವ ಹೊತ್ತಿಗೆ ಸರಿಯಾಗಿ ಸೆಪ್ಟೆಂಬರ್ ಮಳೆ ಹಿಡಿಯುತ್ತದೆ, ಬೀಜ ಬೂಸ್ಟು ಹಿಡಿದು ಬಣ್ಣ ಕೆಡುತ್ತದೆ. ಆಗಸ್ಟ್ ಕೊನೆಗೆ ತಳ್ಳಿದರೆ ಒಳ್ಳೆಯ ಬೀಜ ಸಿಗುತ್ತದೆ, ಹಿಂಗಾರು ಬೆಳೆ ಕೈತಪ್ಪುತ್ತದೆ. ಕೊಳವೆಬಾವಿ ಇರುವ ನಿಮಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲ ವರ್ಷ ಒಂದೇ ಎಕರೆ ಸಾಕು.

ಎರಡರಲ್ಲಿ ಅಲಸಂದೆಯೇ ವಾಸಿ ಎನ್ನಲು ಇನ್ನೊಂದು ಕಾರಣ: ಬೀಜವಾಗಿ ಹೋಗದಿದ್ದರೆ ಅದು ಕಾಳಾಗಿಯಾದರೂ ಸಂತೆಗೆ ಹೋಗುತ್ತದೆ. ಅದಕ್ಕೇ ಕಂಪನಿಯವರು ಬೀಜವನ್ನು ಒಪ್ಪಿಕೊಂಡು ತೂಕ ಮಾಡುವವರೆಗೆ ಔಷಧ ಲೇಪಿಸಬೇಡಿ. ಲೇಪಿಸಿದ ಕಾಳನ್ನು ಯಾರೂ ತಿನ್ನುವಂತಿಲ್ಲ. ಕಾಳು ಕೊರೆಯುವ ಹುಳು ಬೀಳದಂತೆ ಚೆನ್ನಾಗಿ ಒಣಗಿಸಿ, ತೇವಾಂಶ ಶೇ 8ಕ್ಕೆ ಇಳಿಸಿ, ಗಾಳಿಯಾಡದ ಚೀಲದಲ್ಲಿ ಇಡಿ. ಸಿಒಎಫ್ಎಸ್-29 ತಳಿಯಂಥ ಬಹುಕಟಾವು ಜೋಳಕ್ಕೆ ಈ ಎರಡನೇ ಬಾಗಿಲು ಇಲ್ಲ. ಕಾಳು ಬಹಳ ಸಣ್ಣದು, ಮಾಗಿದಂತೆ ಉದುರುತ್ತದೆ, ಉಳಿದುದರಲ್ಲಿ ಹಕ್ಕಿಗಳದ್ದೂ ಪಾಲಿರುತ್ತದೆ.

ಈ ಜೋಳದಲ್ಲಿ ಬೆಲೆ ಕಳೆದುಕೊಳ್ಳುವ ಇನ್ನೊಂದು ದಾರಿಯೂ ಇದೆ. ಕೊಯ್ಲಾದ ಸುಮಾರು ಎರಡು ತಿಂಗಳವರೆಗೆ ಈ ಬೀಜ ಸುಪ್ತಾವಸ್ಥೆಯಲ್ಲಿರುತ್ತದೆ, ಸರಿಯಾಗಿ ಮೊಳೆಯುವುದಿಲ್ಲ. ರಾಶಿಯಾದ ವಾರದಲ್ಲೇ ಮಾದರಿ ತೆಗೆದುಕೊಂಡು ಹೋಗಿ ‘ಮೊಳಕೆ ಬಂದಿಲ್ಲ, ಅರ್ಧ ದರ’ ಎಂದರೆ ಒಪ್ಪಬೇಡಿ. ಪರೀಕ್ಷೆ ಎರಡು ತಿಂಗಳ ನಂತರವೇ ಆಗಬೇಕೆಂದು ಕರಾರಿನಲ್ಲಿ ಬರೆಸಿ. ಹಣವೂ ಅಷ್ಟು ತಡವಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕರಾರಿನಲ್ಲಿ ನಾನು ಮೊದಲು ಹುಡುಕುವುದು, ದರ ನಿಗದಿಯಾಗಿರುವುದು ಹೊಲದಿಂದ ಬಂದ ತೂಕಕ್ಕೋ ಗ್ರೇಡಿಂಗ್ ಆದ ತೂಕಕ್ಕೋ ಎಂಬುದನ್ನು. ಗ್ರೇಡಿಂಗ್ ತೂಕಕ್ಕಾದರೆ ಜರಡಿಯಿಂದ ಬಿದ್ದ ಕಾಳು ನಿಮಗೆ ವಾಪಸ್ ಬರಬೇಕು. ಮಾದರಿಯನ್ನು ನಿಮ್ಮೆದುರೇ ತೆಗೆದು ಮೂರು ಪಾಲು ಮಾಡಿ ಮೊಹರು ಹಾಕಿ, ಒಂದನ್ನು ನಿಮ್ಮ ಕೈಗೆ ಕೊಡಬೇಕು. ನೀವೂ ನೂರು ಅಲಸಂದೆ ಕಾಳನ್ನು ಒದ್ದೆ ಮರಳಿನಲ್ಲಿ ಊರಿ ಎಂಟನೇ ದಿನ ಎಣಿಸಿ. ಪ್ರಮಾಣಿತ ಬೀಜಕ್ಕೆ, ಅಂದರೆ ಬೀಜ ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಪ್ಪುವ ಬೀಜಕ್ಕೆ, ಶೇ 75 ಮೊಳಕೆ ಇದ್ದರೆ ಸಾಕು. ಬಿತ್ತಲು ಕೊಡುವ ಮೂಲ ಬೀಜದ ಚೀಟಿ ಮತ್ತು ರಶೀದಿಯನ್ನು ಎಸೆಯಬೇಡಿ, ಅವಿಲ್ಲದೆ ಪ್ರಮಾಣೀಕರಣಕ್ಕೆ ನೋಂದಣಿಯಾಗದು. ಇದನ್ನೆಲ್ಲ ಬರೆದುಕೊಡಲು ಏಜೆಂಟರು ಹಿಂದೇಟು ಹಾಕಿದರೆ ಅದೇ ನಿಮಗೆ ಉತ್ತರ.

ಪ್ರಶ್ನೆ: ಲೂಸರ್ನ್ (ಕುದುರೆ ಮೆಂತೆ) ಬೀಜ ದುಬಾರಿಯಾಗಿದೆ. ನಾವೇ ಬೆಳೆದು ಮಾರಿದರೆ ಹೇಗೆ? – ಭಾಲ್ಕಿ

ಉತ್ತರ: ದುಬಾರಿಯಾಗಿರಲು ಕಾರಣವಿದೆ. ಹೂವಿಗೆ ಜೇನು ಬಂದರೆ ಮಾತ್ರ ಕಾಯಿ ಕಟ್ಟುತ್ತದೆ, ಕಾಯಿ ಮಾಗುವಾಗ ಒಣ ಹವೆ ಬೇಕು. ಗುಜರಾತಿನ ಬೆಳೆಗಾರರಿಗೆ ಇದರಲ್ಲಿ ದೀರ್ಘ ಅನುಭವವಿದೆ, ದರದಲ್ಲಿ ನೀವು ಅವರೊಡನೆ ಸೆಣಸಬೇಕು. ಅದಕ್ಕಿಂತ ದೊಡ್ಡ ತಲೆನೋವು ಕಸ್ಕ್ಯೂಟ ಎಂಬ ಹಳದಿ ಬಳ್ಳಿ. ಅದರ ಬೀಜವೂ ಲೂಸರ್ನ್ ಬೀಜದಷ್ಟೇ ಸಣ್ಣದು, ಸಾಮಾನ್ಯ ಜರಡಿಯಲ್ಲಿ ಬೇರೆಯಾಗದು. ಅದು ಮಿತಿಗಿಂತ ಹೆಚ್ಚು ಸಿಕ್ಕರೆ ಇಡೀ ಲಾಟ್, ಅಂದರೆ ಒಟ್ಟಿಗೆ ಕೊಟ್ಟ ಪೂರ್ತಿ ಬೀಜ, ತಿರಸ್ಕಾರವಾಗುತ್ತದೆ. ಹಾಲು ಮಾರುವ ಮನೆಗಳು ಹತ್ತಿರವಿದ್ದರೆ ಹಸಿರು ಮೇವನ್ನೇ ಕೊಯ್ದು ಮಾರಿ. ಬೀಜ ಬೇಕೇ ಬೇಕೆಂದರೆ ಚಳಿಗಾಲದ ಕೊನೆಯಲ್ಲಿ ಕೊಯ್ಲು ನಿಲ್ಲಿಸಿ, ನೀರು ಬಸಿಯುವ ಮಸಾರಿ ತುಂಡೊಂದರಲ್ಲಿ ಬೀಜಕ್ಕೆ ಬಿಟ್ಟು, ಮೊದಲು ಮನೆಬಳಕೆಗೆ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಸಂಸ್ಥೆ ಮೇವಿನ ಬೀಜದ ಗ್ರೇಡಿಂಗ್ ಘಟಕ ಹಾಕಬಹುದೇ? – ಸುರಪುರ

ಉತ್ತರ: ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ಮೇವಿನ ಬೀಜ ಸಂಸ್ಕರಣೆ, ಗ್ರೇಡಿಂಗ್ ಮತ್ತು ಉಗ್ರಾಣಕ್ಕೂ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಬಂಡವಾಳ ಸಹಾಯಧನವಿದೆ. ರೈತ ಉತ್ಪಾದಕ ಸಂಸ್ಥೆಗಳೂ ಅರ್ಹ. ಉಳಿದ ಅರ್ಧದ ಸಾಲ ನಿಮ್ಮ ಹೆಗಲ ಮೇಲೆ ಇರುತ್ತದೆ. ಎರಡು ಹಂಗಾಮು ನಿಮ್ಮ ಸದಸ್ಯರು ಕರಾರಿನ ಬೀಜ ಬೆಳೆದು ಹಣ ಪಡೆದುದನ್ನು ನೋಡದೆ ಯಂತ್ರಕ್ಕೆ ಕೈ ಹಾಕಬೇಡಿ. ಅಲ್ಲಿಯವರೆಗೆ ಬೇಳೆ ಮಿಲ್ಲಿನ ಗ್ರೇಡರ್ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಬೀಜ ಸುರಿಯುವ ಮೊದಲು ಕಾಳನ್ನು ಮೇಲೆತ್ತುವ ಎಲಿವೇಟರ್‌ನ ಬುಡ ಬಿಚ್ಚಿ ಗುಡಿಸಲೇಬೇಕು. ಹಿಂದಿನವರ ಕಾಳು ಕೂತಿರುವುದು ಅಲ್ಲೇ, ನಿಮ್ಮ ಲಾಟಿನ ಶುದ್ಧತೆ ಕೆಡುವುದೂ ಅಲ್ಲೇ.

ಪ್ರಶ್ನೆ: ಮೊಬೈಲ್‌ನಲ್ಲಿ ‘ಸೂಪರ್ ನೇಪಿಯರ್ ಬೀಜ’ದ ಜಾಹೀರಾತು ಬರುತ್ತಿದೆ. ಕೊಂಡು ಬೆಳೆದರೆ ಬೀಜ ಮಾರಬಹುದೇ? – ಗುರುಮಠಕಲ್

ಉತ್ತರ: ಸೂಪರ್ ನೇಪಿಯರ್‌ನಂಥ ಸಜ್ಜೆ–ನೇಪಿಯರ್ ಸಂಕರಣ ಹುಲ್ಲು ಮೊಳೆಯುವ ಬೀಜ ಕಟ್ಟುವುದಿಲ್ಲ. ಪೊಟ್ಟಣದಲ್ಲಿ ಬರುವುದು ಬೇರೆ ಯಾವುದೋ ಹುಲ್ಲಿನ ಬೀಜವಾಗಿರುವ ಸಾಧ್ಯತೆಯೇ ಹೆಚ್ಚು. ನೇಪಿಯರ್‌ನಲ್ಲಿ ಮಾರುವಂಥದ್ದು ಕಡ್ಡಿ ಮಾತ್ರ: ಸುಮಾರು ಮೂರು ತಿಂಗಳು ಬಲಿತ ಕಾಂಡದ ಎರಡು ಗೆಣ್ಣಿನ ತುಂಡು. ಅದನ್ನು ಮೊದಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.