ಸೊಂಟದ ಕೀಲಿನ ಮರು ಆಪರೇಷನ್: ನರದ ಮಾನಿಟರಿಂಗ್ ಬೇಕಾ?

ತಾಯಿಯವರ ಸೊಂಟದ ಕೃತಕ ಕೀಲು ಸಡಿಲವಾಗಿದೆ, ಮತ್ತೆ ಬದಲಿಸುವಾಗ ನರದ ಮಾನಿಟರಿಂಗ್ (ಆಪರೇಷನ್ ನಡೆಯುವಾಗಲೇ ನರ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ಯಂತ್ರದಲ್ಲಿ ನೋಡುತ್ತಿರುವುದು) ಬೇಕೇ ಬೇಕಾ ಅಂತ ಕೇಳಿದ್ದೀರಿ. ಎಲ್ಲರಿಗೂ ಬೇಕಿಲ್ಲ. ಕಾಲು ಜಾಸ್ತಿ ಉದ್ದ ಮಾಡಬೇಕಿದ್ದರೆ ನರ ಎಳೆದುಕೊಳ್ಳುತ್ತದೆ, ಆಗ ಖಂಡಿತ ಯೋಚಿಸಬಹುದು.

ಮುಖ್ಯ ಚಿಂತೆ ಸಯಾಟಿಕ್ ನರದ್ದು, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರದ್ದು. ಅದು ಕೀಲಿನ ಹಿಂದೆಯೇ ಹಾದುಹೋಗುತ್ತದೆ. ಹಳೇ ಆಪರೇಷನ್ನಿನ ಗಾಯ ಮಾಗುವಾಗ ನರ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡಿದ್ದರೆ, ಅದಕ್ಕೆ ಸರಿದಾಡಲು ಜಾಗವಿರುವುದಿಲ್ಲ. ಪೆಟ್ಟಾದರೆ ಪಾದ ಮೇಲೆತ್ತಲು ಆಗುವುದಿಲ್ಲ. ಫುಟ್ ಡ್ರಾಪ್ ಅಂತಾರಲ್ಲ, ಅದೇ.

ಮಾನಿಟರಿಂಗ್‌ಗೆ ಕಾಲಿನ ಸ್ನಾಯುಗಳಿಗೆ ಸಣ್ಣ ಸೂಜಿ ಹಾಕುತ್ತಾರೆ, ನೆತ್ತಿಯ ಮೇಲೂ ಎಲೆಕ್ಟ್ರೋಡ್ ಇಡುತ್ತಾರೆ. ನರದ ಸಿಗ್ನಲ್ ಕುಗ್ಗಿದರೆ ಸರ್ಜನ್ ರಿಟ್ರ್ಯಾಕ್ಟರ್ (ಗಾಯವನ್ನು ಅಗಲಿಸಿ ಹಿಡಿಯುವ ಸಲಕರಣೆ) ಸಡಿಲಿಸಬಹುದು, ಮಂಡಿ ಮಡಚಿ ನರದ ಬಿಗಿ ಇಳಿಸಬಹುದು, ಕಾಲಿನ ಉದ್ದವನ್ನೇ ಸ್ವಲ್ಪ ಕಡಿಮೆ ಮಾಡಬಹುದು. ಬಿಪಿ ಇಳಿದರೂ ಸಿಗ್ನಲ್ ಕುಗ್ಗುತ್ತದೆ, ಹಾಗಾಗಿ ಸುಮ್ನೆ ಗಾಬರಿ ಹುಟ್ಟಿಸುವುದೂ ಉಂಟು. ಇದರಿಂದ ನರದ ಪೆಟ್ಟು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಇನ್ನೂ ಇಲ್ಲ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರೆ ಸಿಗ್ನಲ್ಲೇ ಸರಿಯಾಗಿ ಸಿಗುವುದಿಲ್ಲ. ಪೂರ್ತಿ ಅರಿವಳಿಕೆ ಬೇಕಾಗುತ್ತದೆ, ಸ್ನಾಯು ಸಡಿಲಿಸುವ ಔಷಧಿಯೂ ಅಡ್ಡಿ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ? ಅನಸ್ತೇಷಿಯಾ ಡಾಕ್ಟರನ್ನು ಮೊದಲೇ ಕೇಳಿ.

ನನ್ನ ಲೆಕ್ಕದಲ್ಲಿ ಯಂತ್ರಕ್ಕಿಂತ ಮುಖ್ಯ ಸರ್ಜನ್‌ಗೆ ಮರು ಆಪರೇಷನ್ ಮಾಡಿದ ಅನುಭವ ಎಷ್ಟಿದೆ ಎನ್ನುವುದು. ಕಾಲು ಎಷ್ಟು ಸೆಂಟಿಮೀಟರ್ ಉದ್ದವಾಗುತ್ತದೆ ಅಂತಲೂ ಕೇಳಿ. ಪಾದದ ಶಕ್ತಿ ಈಗ ಹೇಗಿದೆ ಅಂತ ಆಪರೇಷನ್‌ಗೆ ಮುಂಚೆ ಬರೆಸಿಡಿ. ಆಮೇಲೆ ಎಚ್ಚರವಾದಾಗ ಪಾದ, ಹೆಬ್ಬೆರಳು ಮೇಲೆತ್ತಲು ಹೇಳಿ. ಆಗದಿದ್ದರೆ ಬೆಳಗಿನವರೆಗೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತಿಳಿಸಿ. ಒಳಗೆ ರಕ್ತ ಗಡ್ಡೆಕಟ್ಟಿ ನರವನ್ನು ಒತ್ತುತ್ತಿದ್ದರೆ ಬೇಗ ತೆಗೆಯಬೇಕಾಗುತ್ತದೆ.